ಚೊಕ್ಕಟ ಕೈ

ಬಾನೆಟ್ ಎತ್ತಿ, ಹೊಸ ಡ್ರೈವರ್ ಇಂಜಿನ್ನಿನೊಳಗೆ ತಲೆ ತೂರಿಸಿ ನಿಂತಿದ್ದ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಗೋದಾಮಿನ ಬಾಗಿಲಿಗೆ ಲಾರಿಯನ್ನು ರಿವರ್ಸ್ ಹಾಕಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೆ. ಡ್ರೈವರ್‌ಗಳೇ ಸಿಗುತ್ತಿಲ್ಲವೆಂದು ಲೈಸೆನ್ಸ್ ಪರೀಕ್ಷೆಯಿಂದ ರಿವರ್ಸನ್ನೇ ಕಿತ್ತುಹಾಕಿದಾಗ ಕುಣಿದಾಡಿ ಪಾಸಾದವನು ಅವನು. ಈಗ ಬೆನ್ನ ಹಿಂದೆ ಲಾರಿಗಳ ಸಾಲು, ಕಿವಿ ತೂತಾಗುವಂಥ ಹಾರ್ನು.

ಹಿಂದಿನ ಲಾರಿಯಿಂದ ಎಲ್ಲರೂ ಅಕ್ಕ ಎನ್ನುವ ಹಳೇ ಡ್ರೈವರ್ ಇಳಿದು ಬಂದಳು. "ಏನಾಯ್ತೋ?"

"ಸ್ಟಾರ್ಟೇ ಆಗ್ತಿಲ್ಲ ಅಕ್ಕ."

ಅಕ್ಕ ಇಂಜಿನ್ ನೋಡಿದಳು, ಅಡ್ಡಾದಿಡ್ಡಿ ನಿಂತ ಲಾರಿಯನ್ನು ನೋಡಿದಳು, ಆಮೇಲೆ ಅವನನ್ನು. ಒಳಗೆ ಕೈ ಹಾಕಿ ಸುಮ್ಮನೆ ಏನನ್ನೋ ತಿರುವಿದಳು. ಬಾನೆಟ್ ಮುಚ್ಚಿ, ಹತ್ತಿ ಕೂತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಲಾರಿಯನ್ನು ಹಿಂದಕ್ಕೆ ಸರಿಸಿ ಬಾಗಿಲಿಗೆ ನಿಲ್ಲಿಸಿದಳು. "ವೈರ್ ಸಡಿಲ ಆಗಿತ್ತು ಕಣ್ರೋ, ಪಾಪ ಇವನೇನು ಮಾಡ್ತಾನೆ!" ಎಂದು ಬೈಯಲು ಬಂದವರಿಗೆಲ್ಲ ಕೂಗಿ ಹೇಳಿದಳು.

ಭೂಮಿ ಬಾಯ್ತೆರೆದು ನುಂಗಬಾರದೇ ಎನಿಸಿತು ಅವನಿಗೆ. ಕೀಲಿ ಕೊಡುವ ನೆಪದಲ್ಲಿ ಅಕ್ಕ ಅವನ ಕೈ ಹಿಡಿದು, ತನ್ನ ಕೈಯ ಮಸಿಯನ್ನೆಲ್ಲ ಅವನ ಅಂಗೈಗೆ ಒರೆಸಿದಳು.

"ಇಷ್ಟು ಚೊಕ್ಕಟ ಕೈ ಇಟ್ಕೊಂಡು ಸುಳ್ಳು ಹೇಳಬಾರದಪ್ಪ," ಎಂದಳು, ಅವನಿಗಷ್ಟೇ ಕೇಳುವಂತೆ.