ಮಾವನ ಕೈಯ ಟಾರ್ಚು

"ಬಾಯಿ ತೆಗಿಯವ್ವಾ," ಎಂದರು ಹಲ್ಲಿನ ಡಾಕ್ಟರ್ ಸುಧಾರಾಣಿ. ಗಲ್ಲ ಊದಿದ್ದ ಗಂಗೋತ್ರಿ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿ ಹಿಡಿದಳು. ಕಂಪ್ಲಿಯ ಆ ದವಾಖಾನೆಯಲ್ಲಿ ಆಗಷ್ಟೇ ಕರೆಂಟು ಹೋಗಿತ್ತು. ಡಾಕ್ಟರ್ ಕೊಟ್ಟ ಟಾರ್ಚು ಹಿಡಿದು ನಿಂತವರು, ಮೆಟ್ರಿಯಿಂದ ಅವಳನ್ನು ಬೈಕಿನಲ್ಲಿ ಕರೆತಂದ ಮಾವ ಗಾದಿಲಿಂಗಪ್ಪ. ಮದುವೆಯಾಗಿ ಆರು ವರ್ಷವಾದರೂ ಮಾವನೆದುರು ಅವಳು ಒಂದು ಮಾತೂ ಆಡಿದವಳಲ್ಲ.

"ಬುದ್ಧಿಹಲ್ಲು ಅಡ್ಡ ಬೆಳದು ಕೀವಾಗಿದ್ರ ಕೀಳ್ಲೇಬೇಕವ್ವ. ಮೊದ್ಲು ನೋಡಾಕರ ಬಿಡು."

ಗಾದಿಲಿಂಗಪ್ಪ ಸಣ್ಣಗೆ ಕೆಮ್ಮಿದರು. "ನಾ ಕಣ್ಣು ಮುಚ್ಚೀನಿ, ತೆಗಿಯವ್ವ," ಎಂದು ಕಣ್ಣು ಬಿಗಿಯಾಗಿ ಮುಚ್ಚಿ, ಟಾರ್ಚನ್ನು ಮುಂದಕ್ಕೆ ಚಾಚಿದರು. ಬೆಳಕು ಹೋಗಿ ಡಾಕ್ಟರ ಮೂಗಿನ ಮೇಲೆ ಬಿತ್ತು.

ಗಂಗೋತ್ರಿ ಸೆರಗು ಸರಿಸಿದಳು.

"ಮಾವಾ," ಎಂದಳು, "ಕಣ್ಣು ತೆಗೀರಿ. ನನಗ ಭಾಳ ನೋಯಾಕತ್ತೈತ್ರಿ."