ಗುಂಡಿನ ತುಪ್ಪ

ಅತ್ತೆ ಬಸಲಿಂಗವ್ವ ದೇವರ ದೀಪಕ್ಕೆ ಹಾಕಿದ್ದು ತುಪ್ಪವಲ್ಲ ಎಂದು ಬಟ್ಟಲು ಕಂಡೊಡನೆ ಸೌಜನ್ಯಾಳಿಗೆ ತಿಳಿಯಿತು. ಅದು ಗಂಡ ವೀರಭದ್ರ ತನ್ನ ಬಂದೂಕು ಕ್ಲಬ್ಬಿನ ಸೀಸದ ಗುಂಡುಗಳಿಗೆ ಸವರಲು ಅಡುಗೆಮನೆಯಲ್ಲಿ ಕಾಸಿಟ್ಟಿದ್ದ ಜಿಡ್ಡು. ಕ್ಲಬ್ಬಿನವರು ಅದಕ್ಕೆ ದನದ ಕೊಬ್ಬು ಬೆರೆಸುತ್ತಾರೆಂದು ಅವನೇ ಒಮ್ಮೆ ಹೇಳಿದ್ದ.

ಬಟ್ಟಲು ಹಿಡಿದು ಹಿತ್ತಲಿನ ಶೆಡ್ಡಿಗೆ ಓಡಿದಳು. "ಇದ್ರಾಗ ಏನ್ ಹಾಕೀರಿ? ಅತ್ತಿ ದೇವರ ದೀಪಕ್ಕ ಹಾಕ್ಯಾರ!"

"ಜೇನುಮೇಣ, ಔಡಲೆಣ್ಣಿ, ಅಷ್ಟ," ಎಂದ ವೀರಭದ್ರ. "ಬರೇ ಮೇಣ ಆದ್ರ ಬಿರೀತೈತಿ. ಎಣ್ಣಿ ಕೂಡಿದ್ರ ಮೆತ್ತಗಾಗಿ ಗುಂಡಿಗೆ ಅಂಟ್ತೈತಿ. ಅವ್ವ ಇರೋ ಮನ್ಯಾಗ ಕೊಬ್ಬು ಕಾಸಾಕ ನಂಗೇನ್ ತಲಿ ಕೆಟ್ಟೈತೇನು?"

ಸೌಜನ್ಯಾ ಹುಲ್ಲಿನ ಮೇಲೇ ಕುಳಿತು ನಿಟ್ಟುಸಿರು ಬಿಟ್ಟಳು. ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ ತೇಲಿ ಬಂತು: "ಬಟ್ಟಲಾ ಎತ್ತ ಒಯ್ದಿ, ಸೌಜನ್ಯಾ? ಈ ಪರದೇಶದ ಹ್ಯಾರೋ ಊರಾಗ ಇಂಥಾ ಗಟ್ಟಿ ತುಪ್ಪ ನಾ ನೋಡಿದ್ದಿಲ್ಲ. ನಾಳಿ ಹೋಳಿಗಿಗೂ ಇದನ್ನ ಹಾಕೂಣು!"