ಹೆಸರು ಬರೆಯದ ಅಚ್ಚು

"ಹೆಸರಿರೋದನ್ನ ಈ ಕಡೆ ಇಡು, ಇಲ್ಲದ್ದನ್ನ ಚೀಲಕ್ಕೆ ಹಾಕು," ಎಂದ ಅಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬೆಳಿಗ್ಗೆ ಅವನು ಬೇಕೆಂದೇ ತಂದಿಟ್ಟಿದ್ದ ಅಚ್ಚಿನ ಮೇಲೂ ಹೆಸರಿರಲಿಲ್ಲ. ಮಗಳು ಆಗಲೇ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಇಳಿದಾಗಿತ್ತು.

ಅದು ಹಲ್ಲು ಕಟ್ಟುವ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಪ್ಲಾಸ್ಟರಿನ ಬಾಯಿಗಳು. ಗಿರಾಕಿಯ ಬಾಯಿಯ ಅಳತೆ ತೆಗೆದು ಅಚ್ಚು ಹುಯ್ಯುವುದು, ತಳದಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುವುದು, ಅದರ ಮೇಲೆ ಮೇಣ ಮೆತ್ತಿ ಹಲ್ಲು ಕೂರಿಸುವುದು. ಇದು ಬಿಟ್ಟು ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಈಗ ವಯಸ್ಸಾಗಿ ಕೈ ಹಿಡಿತ ತಪ್ಪಿ ಕೆಲಸ ನಿಲ್ಲಿಸಿದ್ದ. ಸಂಜೆಯೊಳಗೆ ಕೋಣೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕಿತ್ತು.

"ಇದು ಯಾರದಪ್ಪಾ? ದವಡೆ ಅಂದ್ರೆ ದವಡೆ!"

"ಬಸ್ ಕಂಡಕ್ಟರಂದು. ಹಲ್ಲಿನ ಸೆಟ್ಟು ಹಾಕ್ಕೊಂಡ್ರೆ ಸೀಟಿ ಊದೋಕೆ ಬರಲ್ಲ ಅಂತ ಜಗಳಕ್ಕೆ ಬಂದಿದ್ದ."

"ಇದು?"

"ಸಂಗೀತದ ಮೇಷ್ಟ್ರದು. ಹಾಡ್ತಾ ಹಾಡ್ತಾ ಸೆಟ್ಟು ಜಾರಿ ಹಾರ್ಮೋನಿಯಂ ಮೇಲೆ ಬಿತ್ತಂತೆ. ತಾಳ ತಪ್ಪಲಿಲ್ಲ ಅಂತಿದ್ರು."

ಮಗಳು ಬಾಯಿ ತುಂಬ ನಕ್ಕಳು. ಸಾಲಾಗಿ ಕೂತ ಹಲ್ಲು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಹಟ ಹಿಡಿದು ತಂತಿ ಹಾಕಿಸಿದ್ದ. ಅವಳು ಅತ್ತು ರಂಪ ಮಾಡಿದರೂ ಬಿಟ್ಟಿರಲಿಲ್ಲ.

ಅವಳ ಅಮ್ಮ ಹಾಗೆ ನಕ್ಕವಳಲ್ಲ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು. ನಗು ಬಂದರೆ ಕೈ ಅಡ್ಡ ಹೋಗುತ್ತಿತ್ತು. ಮನೆಯಲ್ಲಿರುವ ಒಂದೇ ಫೋಟೋದಲ್ಲೂ ತುಟಿ ಬಿಗಿದುಕೊಂಡು ಕೂತಿದ್ದಾಳೆ. ಆ ಎರಡರಲ್ಲಿ ಒಂದರ ಮೂಲೆ ಮುರಿದಾಗ, ಕ್ಯಾಪ್ ಮಾಡಿಕೊಡುತ್ತೇನೆ ಎಂದು ಗೋಗರೆದು ಅಪ್ಪ ಅಳತೆ ತೆಗೆದಿದ್ದ. ಅಚ್ಚು ಒಣಗುವಷ್ಟರಲ್ಲಿ ಅವಳಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಮಗಳಿಗೆ ಆಗ ಇನ್ನೂ ಹಾಲುಹಲ್ಲು.

ಮನೆಯವಳ ಅಚ್ಚಿಗೆ ಹೆಸರು ಯಾಕೆ ಎಂದು ಬರೆದಿರಲಿಲ್ಲ. ಇಷ್ಟು ವರ್ಷ ಅದು ಮೇಜಿನ ಡ್ರಾಯರಿನಲ್ಲೇ ಇತ್ತು. ಇವತ್ತು ಮಗಳು ಬರುವ ಮೊದಲು ತೆಗೆದು ಉಳಿದವುಗಳ ನಡುವೆ ಇಟ್ಟಿದ್ದ. ಅವಳಾಗಿಯೇ ಗುರುತು ಹಿಡಿದರೆ ಅಮ್ಮನ ಮಾತು ಶುರುವಾಗುತ್ತದೆ. ತಾನಾಗಿ ಶುರುಮಾಡುವುದು ಅವನಿಂದ ಆಗಿರಲಿಲ್ಲ, ಇನ್ನು ಆಗುವಂತೆಯೂ ಇರಲಿಲ್ಲ.

"ಅಯ್ಯೋ, ಇದೆಂಥ ಸೊಟ್ಟ ಹಲ್ಲು!" ಮಗಳು ಅದನ್ನೇ ಎತ್ತಿಕೊಂಡಿದ್ದಳು. "ತಂತಿ ಹಾಕಿಸೋ ಮೊದಲು ನಂದೂ ಹಿಂಗೇ ಇತ್ತಲ್ವಾ?"

"ಇತ್ತು," ಎಂದ ಅಪ್ಪ. ಕೈಲಿದ್ದ ಮೇಣದ ಚಾಕುವನ್ನು ಒರೆಸಿದ್ದನ್ನೇ ಒರೆಸಿದ.

"ಯಾರದು?"

"ಕ್ಯಾಪ್ ಮಾಡೋಕೆ ಅಂತ ಅಳತೆ ತಗೊಂಡಿದ್ದು. ಆಮೇಲೆ ಹಾಕ್ಸಿಕೊಳ್ಳೋಕೆ ಬರ್ಲಿಲ್ಲ."

"ಬೇರೆ ಕಡೆ ಹಾಕ್ಸಿಕೊಂಡಿರ್ತಾರೆ ಬಿಡು." ಅಚ್ಚನ್ನು ಮಗುಚಿ ತಳ ನೋಡಿದಳು. ಹೆಸರಿಲ್ಲ. ಚೀಲದತ್ತ ಹೋಗದೆ ಅಲ್ಲೇ ನಿಂತಳು. "ಅಪ್ಪಾ, ಒಂದು ಮಾತು. ಬೇಜಾರು ಮಾಡ್ಕೋಬೇಡ. ಊರವರ ಬಾಯೆಲ್ಲ ಜೋಪಾನ ಮಾಡಿ ಇಟ್ಕೊಂಡಿದ್ದೀಯ. ಅಮ್ಮಂದು ಅಂತ ಇಲ್ಲಿ ಒಂದು ಫೋಟೋನೂ ಇಲ್ಲ. ಒಂದಿನ ಆದ್ರೂ ಅವಳ ಸುದ್ದಿ ಎತ್ತಿದವನಲ್ಲ ನೀನು."

ಅಪ್ಪ ಅವಳ ಕೈಯನ್ನೇ ನೋಡಿದ. ಹೇಳಬಹುದಿತ್ತು.

"ಧೂಳಿನ ಕೋಣೆ ಕಣೆ," ಎಂದ. "ಫೋಟೋ ಹಾಳಾಗುತ್ತೆ."

"ಸರಿ ಬಿಡು." ಅವಳು ನಿಂತಲ್ಲಿಂದಲೇ ಎಸೆದಳು. ಚೀಲದೊಳಗೆ ಪ್ಲಾಸ್ಟರಿಗೆ ಪ್ಲಾಸ್ಟರ್ ಬಡಿದು ಒಡೆದ ಸದ್ದಾಯಿತು. ಅಪ್ಪ ಚಾಕುವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

ಮುಖ ಊದಿಸಿಕೊಂಡೇ ಅವಳು ಉಳಿದದ್ದನ್ನೂ ಬಳಿದು ತುಂಬಿ, ಚೀಲದ ಬಾಯಿ ಕಟ್ಟಿ ಬಾಗಿಲ ಬಳಿ ಎಳೆದಿಟ್ಟಳು. ಒದ್ದೆ ಬಟ್ಟೆ ಹಿಡಿದು ಹಲಗೆ ಒರೆಸಲು ಬಂದಳು. ಹಲಗೆಯ ಮೇಲೆಲ್ಲ ವರ್ಷಗಳ ಬಿಳಿ ಪುಡಿ. ಒಂದೊಂದು ಅಚ್ಚು ಕೂತಿದ್ದ ಜಾಗದಲ್ಲಿ ಮಾತ್ರ ಲಾಳದ ಆಕಾರಕ್ಕೆ ಮರ ಕಾಣುತ್ತಿತ್ತು. ಒರೆಸುತ್ತ ಬಂದ ಕೈ ಒಂದು ಕಡೆ ನಿಂತಿತು. ಅಲ್ಲಿ ಮರ ಕಾಣುತ್ತಿರಲಿಲ್ಲ. ಧೂಳು ತುಸು ಅದುಮಿಕೊಂಡಿತ್ತು, ಅಷ್ಟೆ.

"ಆ ಸೊಟ್ಟ ಹಲ್ಲಿಂದು ಇಲ್ಲಿ ಇದ್ದದ್ದಲ್ಲ," ಎಂದಳು. "ಇವತ್ತು ತಂದಿಟ್ಟಿದ್ದೀಯ."

ಅಪ್ಪ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದ.

"ಅದರ ಮೇಲೆ ಧೂಳೇ ಇರ್ಲಿಲ್ಲ, ಅಪ್ಪಾ. ಸವರಿ ಸವರಿ ನುಣ್ಣಗಾಗಿತ್ತು."

ಅವಳ ತುಟಿಯ ಹಿಂದೆ ನಾಲಿಗೆ ಮೆಲ್ಲಗೆ ಸರಿದಾಡಿದ್ದನ್ನು ಅಪ್ಪ ಕಂಡ. ಮುಂದಿನ ಎರಡು ಹಲ್ಲುಗಳನ್ನು ಅದು ಹುಡುಕುತ್ತಿತ್ತು, ತಂತಿ ಹಾಕಿಸುವ ಮೊದಲು ಅವು ಇದ್ದ ರೀತಿಯಲ್ಲಿ. ಬಟ್ಟೆಯನ್ನು ಅಲ್ಲೇ ಬಿಟ್ಟು ಅವಳು ಬಾಗಿಲ ಬಳಿ ಹೋಗಿ ನೆಲದ ಮೇಲೆ ಕೂತಳು. ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಎಳೆದಳು. ಚೂರುಗಳನ್ನು ಒಂದೊಂದಾಗಿ ತೆಗೆದು ನೋಡಿ ಪಕ್ಕಕ್ಕಿಟ್ಟಳು. ಕೊನೆಗೆ ಎರಡು ಹೋಳು ಸಿಕ್ಕವು. ಜೋಡಿಸಿ ಹಿಡಿದಳು. ಒಂದರ ಮೇಲೊಂದು ಹತ್ತಿದ ಹಲ್ಲು. ಮುರಿದ ಮೂಲೆ.

"ಕ್ಯಾಪ್ ಹಾಕ್ಸಿಕೊಳ್ಳೋಕೆ ಬರ್ಲಿಲ್ಲ ಅಂದ್ಯಲ್ಲ..." ಎಂದಳು. ಬಿಳಿ ಪುಡಿ ಮೆತ್ತಿದ ಕೈ ತಾನಾಗಿ ಮೇಲೆದ್ದು ಬಾಯಿಗೆ ಅಡ್ಡ ಹೋಯಿತು.

ಅವಳ ಅಮ್ಮ ನಗುವಾಗ ಹಾಗೆಯೇ ಹಿಡಿಯುತ್ತಿದ್ದಳು. ಮಗಳು ನಗುತ್ತಿರಲಿಲ್ಲ.